ಮುಂದೇನಾಯಿತು ಅಂತ ಕೇಳಿ: ಕಾಸರಗೋಡಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಡಾಕ್ಟರಿಗೆ

ಕೆಲಸಕ್ಕೆ ಸೇರಿ ಎರಡನೇ ತಿಂಗಳು. ಅಮ್ಮ ಫೋನಿನಲ್ಲಿ ಕೇಳಿದರು, "ಖುಷಿ ಉಂಟಾ ಮಗಾ?" ಉಂಟು ಅಂದೆ. ಹಸಿ ಸುಳ್ಳು. ಆ ದಿನ ಒಪಿಯಲ್ಲಿ (ಹೊರರೋಗಿ ವಿಭಾಗ) ನಾನೊಬ್ಬನೇ 140 ಚೀಟಿ ನೋಡಿದ್ದೆ. ಸಂಜೆ ಬೈಕು ಸ್ಟಾರ್ಟ್ ಮಾಡುವಾಗ ಒಂದು ಮುಖವೂ ನೆನಪಿಗೆ ಬರಲಿಲ್ಲ.

ನಾನು ಬದಿಯಡ್ಕದ ಕಡೆಯವನು. ಓದಿದ್ದು ಕರ್ನಾಟಕದಲ್ಲಿ. ಊರ ಹತ್ತಿರವೇ ಸರಕಾರಿ ಕೆಲಸ ಸಿಕ್ಕಿದರೆ ಅದೇ ಸ್ವರ್ಗ ಅಂದುಕೊಂಡಿದ್ದೆ. (ಪೆರ್ಲದಿಂದ ಸ್ವಲ್ಪ ಮುಂದೆ ಸ್ವರ್ಗ ಅಂತ ಊರೇ ಇದೆ. ಬಸ್ಸು ಹೋಗುತ್ತದೆ.) ಕೆಲಸ ಸಿಕ್ಕಿತು. ಆಮೇಲೆ ಮೂರು ತಿಂಗಳು ಮನಸ್ಸಿನಲ್ಲೇ ರಾಜೀನಾಮೆ ಬರೆದುಕೊಂಡು ಓಡಾಡಿದೆ.

ಈಗ ಹೊಸದಾಗಿ ಸೇರುವವರು ಫೋನ್ ಮಾಡಿ ಕೇಳುತ್ತಾರೆ, ನೀವು ಹೇಗೆ ಉಳಿದುಕೊಂಡಿರಿ ಅಂತ. ಆಸ್ಪತ್ರೆಯೇನೂ ಬದಲಾಗಲಿಲ್ಲ. ಚೀಟಿಯೂ ಕಡಿಮೆಯಾಗಲಿಲ್ಲ. ನಾನು 40 ರೂಪಾಯಿಯ ಒಂದು ನೋಟ್‌ಬುಕ್ ತಂದೆ. ಅದರಲ್ಲಿ 'ಮುಂದೇನಾಯಿತು' ಅಂತ ಒಂದು ಕಾಲಂ ಎಳೆದೆ. ಆ ಕಥೆ ಆಮೇಲೆ. ಅದಕ್ಕೂ ಮೊದಲು ಮುಗಿಸಬೇಕಾದ ಕೆಲಸಗಳಿವೆ.

ಹಂತ 1: ಕಾಗದ, ದುಡ್ಡು, ಮನೆ

ಕರ್ನಾಟಕದಲ್ಲಿ ಓದಿ ಅಲ್ಲಿನ ಮೆಡಿಕಲ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರು ಕೇರಳದಲ್ಲಿ ಕೆಲಸ ಮಾಡಬೇಕಾದರೆ ಇಲ್ಲಿನ ಕೌನ್ಸಿಲ್‌ನಲ್ಲೂ ನೋಂದಣಿ ಮಾಡಿಸಬೇಕು. ಹಳಬರು ಅದನ್ನು ಇನ್ನೂ ಹಳೆಯ ಹೆಸರಿನಲ್ಲೇ, ಟಿಸಿಎಂಸಿ (ತಿರುವಾಂಕೂರು ಕೊಚ್ಚಿ ಮೆಡಿಕಲ್ ಕೌನ್ಸಿಲ್) ಅಂತಲೇ ಕರೆಯುತ್ತಾರೆ. ಕರ್ನಾಟಕದಿಂದ ಎನ್‌ಒಸಿ (ಆಕ್ಷೇಪ ಇಲ್ಲ ಎಂಬ ಪತ್ರ) ಬರಬೇಕು, ಇಲ್ಲಿ ಅರ್ಜಿ ಹಾಕಬೇಕು. ಕೆಲಸದ ಆದೇಶ ಕೈಗೆ ಬಂದ ಮೇಲೆ ಇದಕ್ಕೆ ಓಡಾಡಿದರೆ ನಿದ್ದೆ ಕೆಡುತ್ತದೆ. ಮೊದಲೇ ಶುರು ಮಾಡಿ.

ಸರಕಾರಿ ಕೆಲಸವಾದರೆ ಸಂಬಳ 'ಸ್ಪಾರ್ಕ್' ಎಂಬ ಸಾಫ್ಟ್‌ವೇರ್ ಮೂಲಕ ಬರುತ್ತದೆ. ಅದರಲ್ಲಿ ನಿಮ್ಮ ಹೆಸರು ಕೂರುವ ತನಕ ಒಂದು ಪೈಸೆಯೂ ಬರುವುದಿಲ್ಲ. ನನಗೆ ಮೊದಲ ಸಂಬಳ ಬಂದಾಗ ಮೂರನೇ ತಿಂಗಳು ನಡೆಯುತ್ತಿತ್ತು. ಅಷ್ಟು ದಿನ ಡಾಕ್ಟರ್ ಸಾಹೇಬರು ಅಪ್ಪನ ಹತ್ತಿರ ಪೆಟ್ರೋಲಿಗೆ ದುಡ್ಡು ಕೇಳಿದ್ದು. ಬೇಸರದಲ್ಲಿ ಅರ್ಧ ಪಾಲು ಅದೇ ಇತ್ತು ಅಂತ ಈಗ ಅನಿಸುತ್ತದೆ. ಮೂರು ತಿಂಗಳ ಖರ್ಚು ಬದಿಗಿಟ್ಟುಕೊಂಡು ಸೇರಿ. ಆಫೀಸಿನ ಕ್ಲರ್ಕ್ ಹತ್ತಿರ ಮೊದಲ ದಿನವೇ ಕೂತು ಯಾವ ಕಾಗದ ಬಾಕಿ ಅಂತ ಕೇಳಿ ಬರೆದುಕೊಳ್ಳಿ. ಚಿಕಿತ್ಸೆಯ ಬಗ್ಗೆ ಯಾರಾದರೂ ಕೇಸು ಹಾಕಿದರೆ ಬೇಕಾಗುವ ಪ್ರೊಫೆಷನಲ್ ಇಂಡೆಮ್ನಿಟಿ ವಿಮೆಯನ್ನೂ ಆಗಲೇ ಮಾಡಿಸಿ.

ಮನೆಯ ವಿಷಯ ಒಂದೇ ಮಾತು. ಆಸ್ಪತ್ರೆಯಿಂದ 15 ನಿಮಿಷಕ್ಕಿಂತ ದೂರ ಬೇಡ, ಗೇಟಿನ ಎದುರೂ ಬೇಡ.

ಹಂತ 2: ಮೊದಲ ವಾರ ಔಷಧದ ಕೋಣೆ

ಕುರ್ಚಿಯಲ್ಲಿ ಕೂರುವ ಮೊದಲು ಫಾರ್ಮಸಿಗೆ ಹೋಗಿ. ಏನುಂಟು, ಏನಿಲ್ಲ, ಯಾವುದು ತಿಂಗಳ ಕೊನೆಗೆ ಖಾಲಿಯಾಗುತ್ತದೆ ಅಂತ ಕೇಳಿ. ಕಾಲೇಜಿನಲ್ಲಿ ಕಲಿತ ಚಂದದ ಮದ್ದು ಬರೆದುಕೊಟ್ಟು, ಅದು ಇಲ್ಲಿಲ್ಲ ಅಂತ ರೋಗಿ ವಾಪಸ್ ಬಂದು ನಿಲ್ಲುವುದು, ನೀವು ಮತ್ತೆ ಬರೆಯುವುದು, ಹಿಂದಿನ ಸಾಲು ಗೊಣಗುವುದು. ದಿನಕ್ಕೆ ಇಪ್ಪತ್ತು ಸಲ ಇದು ಆದರೆ ಸಂಜೆಗೆ ಯಾರಿಗೂ ತಲೆ ಕೆಡುತ್ತದೆ ಅಲ್ವಾ?

ಸರಕಾರಿ ಆಸ್ಪತ್ರೆಗಳನ್ನು ಸುಧಾರಿಸುವ ಆರ್ದ್ರಂ ಮಿಷನ್ 2017ರಲ್ಲಿ ಶುರುವಾದ ಮೇಲೆ ಕೇರಳದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಒಂದೊಂದಾಗಿ ಕುಟುಂಬ ಆರೋಗ್ಯ ಕೇಂದ್ರಗಳಾದವು. ಒಪಿ ಸಂಜೆ 6ರ ತನಕ ಬಂತು. ಡಾಕ್ಟರ ಹತ್ತಿರ ಬರುವ ಮೊದಲೇ ನರ್ಸ್ ಬಿಪಿ, ತೂಕ ನೋಡಿ ಬರೆಯುವ ವ್ಯವಸ್ಥೆ ಬಂತು. ಆ ಟೇಬಲ್ ಹತ್ತಿರ ಒಂದು ಬೆಳಿಗ್ಗೆ ಸುಮ್ನೆ ನಿಲ್ಲಿ. ಜನ ನಿಮಗೆ ಹೇಳದ್ದನ್ನು ನರ್ಸಿಗೆ ಹೇಳುತ್ತಾರೆ. "ಡಾಕ್ಟರಿಗೆ ಹೇಳಬೇಡಿ, ಮಾತ್ರೆ ಬಿಟ್ಟು ಹದಿನೈದು ದಿನ ಆಯಿತು" ಅನ್ನುವುದನ್ನು ನಾನು ಕೇಳಿಸಿಕೊಂಡದ್ದು ಅಲ್ಲೇ.

ಇನ್ನು ಜೂನಿಯರ್ ಹೆಲ್ತ್ ಇನ್‌ಸ್ಪೆಕ್ಟರ್, ಫೀಲ್ಡಿನ ನರ್ಸ್, ಆಶಾ ಕಾರ್ಯಕರ್ತೆಯರು. ಇವರೆಲ್ಲರ ಹೆಸರು, ವಾರ್ಡು, ಫೋನ್ ನಂಬರು ಮೊದಲ ವಾರವೇ ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಹಂತ 3: ಕಾಯಿಲೆಗೆ ಇಲ್ಲಿ ಎಷ್ಟು ಹೆಸರು ಅಂತ ತಿಳಿಯಿರಿ

ಕಾಸರಗೋಡನ್ನು ಸಪ್ತಭಾಷೆಗಳ ನಾಡು ಅಂತ ಭಾಷಣದಲ್ಲಿ ಹೇಳುತ್ತಾರೆ. ಒಪಿಯಲ್ಲಿ ಕೂತರೆ ಅದು ಭಾಷಣ ಅಲ್ಲ, ದಿನದ ತಲೆನೋವು. ಬೆಳಿಗ್ಗೆ ಹತ್ತರೊಳಗೆ ಕನ್ನಡ, ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಬಂದು ಹೋಗುತ್ತವೆ. ಹವ್ಯಕರ ಮಾತು ಬೇರೆಯೇ. ಬೆಂಗಳೂರು, ಧಾರವಾಡದ ಕಡೆಯಿಂದ ಬಂದವರಿಗೆ ಇಲ್ಲಿನ ಕನ್ನಡವೇ ಅರ್ಧ ತಿಳಿಯುವುದಿಲ್ಲ. ತಿರುವನಂತಪುರದಿಂದ ಬಂದವರ ಪಾಡಂತೂ ಕೇಳಬೇಡಿ.

ಮಲಯಾಳದಲ್ಲಿ ಪನಿ ಅಂದರೆ ಜ್ವರ. ತುಳುವಿನಲ್ಲಿ ಪನಿ ಅಂದರೆ ತುಂತುರು ಮಳೆ. ಮಳೆಯಲ್ಲಿ ನೆನೆದದ್ದನ್ನು ಹೇಳುತ್ತಿದ್ದ ಅಜ್ಜಿಯ ಚೀಟಿಯಲ್ಲಿ 'ಜ್ವರ' ಅಂತ ಬರೆದ ಡಾಕ್ಟರೊಬ್ಬರನ್ನು ನಾನು ಬಲ್ಲೆ. 'ಮದ್ದು' ಇನ್ನೊಂದು. "ಮದ್ದು ಬಿಡುವಾಗ ಕಣ್ಣಿಗೆ ಬಿತ್ತು" ಅಂದರೆ ಕಣ್ಣಿಗೆ ಡ್ರಾಪ್ಸ್ ಹಾಕಿಕೊಂಡದ್ದಲ್ಲ. ಅಡಿಕೆಗೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವಾಗ ಅದು ಕಣ್ಣಿಗೆ ಹಾರಿದೆ ಅಂತ. ಕೂಡಲೇ ನೀರು ಬಿಟ್ಟು ಬಿಟ್ಟು ತೊಳೆಯಬೇಕಾದ ಕೇಸು ಅದು. ಸಾಲಿನಲ್ಲಿ ನಿಲ್ಲಿಸುವ ಕೇಸಲ್ಲ.

ನನ್ನನ್ನು ಕೆಡವಿದ ಶಬ್ದ ಮಾತ್ರ 'ಬಚ್ಚುವುದು'. ನಮ್ಮ ಮನೆಯಲ್ಲೇ ಆಡುವ ಶಬ್ದ, ಅದಕ್ಕೇ ಮೋಸ ಹೋದೆ. ಬೀಡಿ ಕಟ್ಟುವ ಹೆಂಗಸೊಬ್ಬರು ನಾಲ್ಕು ಸಲ ಬಂದರು. ನಾಲ್ಕು ಸಲವೂ ಒಂದೇ ಮಾತು, "ಬಚ್ಚುತ್ತದೆ ಡಾಕ್ಟ್ರೇ." ದಣಿವು ಅಂತ ಬಿ ಕಾಂಪ್ಲೆಕ್ಸ್ ಬರೆದೆ. ಬೀಡಿ ಕಟ್ಟಿ ಕಟ್ಟಿ ಸುಸ್ತು ಅಂದುಕೊಂಡೆ. ಐದನೇ ಸಲ ಅವರ ವಾರ್ಡಿನ ಆಶಾ ಜೊತೆಗೆ ಬಂದರು. ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು, "ಇವರಿಗೆ ಮುಟ್ಟು ಹದಿನೈದು ದಿನ ನಿಲ್ಲುವುದಿಲ್ಲ. ನಿಮ್ಮ ಹತ್ತಿರ ಹೇಳಲು ನಾಚಿಕೆ." ಹಿಮೋಗ್ಲೋಬಿನ್ ನೋಡಿದರೆ 5.8. ನಾಲ್ಕು ಸಲವೂ ಕೆಳಗಿನ ರೆಪ್ಪೆ ಎಳೆದು ನೋಡಿರಲಿಲ್ಲ ನಾನು. ಎಳೆದಿದ್ದರೆ ಸಾಕಿತ್ತು, ರಕ್ತ ಕಡಿಮೆ ಅಂತ ಬಿಳಿಚಿದ ಬಣ್ಣವೇ ಹೇಳುತ್ತಿತ್ತು.

ಹಾಗಾಗಿ ಮೇಜಿನ ಮೇಲೆ ಒಂದು ರಟ್ಟು ಇಟ್ಟುಕೊಳ್ಳಿ. ದಿನಕ್ಕೆ ಎರಡು ಶಬ್ದ ಸಾಕು. ತುಳುವಿನ ತರೆಬೇನೆ (ತಲೆನೋವು), ಬಂಜಿಬೇನೆ (ಹೊಟ್ಟೆನೋವು). ಮಲಯಾಳದ ತಲಕರಕ್ಕಂ (ತಲೆ ತಿರುಗುವುದು), ಶ್ವಾಸಂಮುಟ್ಟಲ್ (ಉಸಿರು ಕಟ್ಟುವುದು), ಕ್ಷೀಣಂ (ಸುಸ್ತು). 'ಎಷ್ಟು ದಿನ ಆಯಿತು' ಎಂಬ ಪ್ರಶ್ನೆಯನ್ನು ಮೂರು ಭಾಷೆಯಲ್ಲೂ ಬಾಯಿಪಾಠ ಮಾಡಿ: ತುಳುವಿಗೆ 'ಏತ್ ದಿನ ಆಂಡ್', ಮಲಯಾಳಕ್ಕೆ 'ಎತ್ರ ದಿವಸಂ ಆಯಿ'. ಉಚ್ಚಾರ ತಪ್ಪಿದರೆ ಜನ ನಗುತ್ತಾರೆ. ನಗಲಿ. ನಕ್ಕ ಮೇಲೆ ಜಾಸ್ತಿ ಹೇಳುತ್ತಾರೆ.

ಇನ್ನೊಂದು, ಬರವಣಿಗೆ. ಇಲ್ಲಿ ಕನ್ನಡ ಮಾತ್ರ ಓದಲು ಬರುವ ಹಿರಿಯರು ತುಂಬಾ ಇದ್ದಾರೆ. ಮಲಯಾಳದಲ್ಲಿ ಅಚ್ಚಾದ ಕಾಗದ ಕೊಟ್ಟರೆ ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋಗುತ್ತಾರೆ, ಅಷ್ಟೇ. ಮಾತ್ರೆಯ ಕವರಿನ ಮೇಲೆ ಸೂರ್ಯ, ಚಂದ್ರನ ಚಿತ್ರ ಹಾಕಿ. ಹತ್ತು ಸೆಕೆಂಡಿನ ಕೆಲಸ.

ಹಂತ 4: ಊರಿನ ಕ್ಯಾಲೆಂಡರ್ ಬರೆಯಿರಿ

ಕಾಯಿಲೆಗಳು ಇಲ್ಲಿ ಬೆಳೆಯ ಜೊತೆ, ಹಬ್ಬದ ಜೊತೆ ಬರುತ್ತವೆ. ಒಂದು ವರ್ಷ ಕಳೆದ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ. ಮೊದಲೇ ಗೊತ್ತಿದ್ದರೆ ಆ ವರ್ಷ ಅಷ್ಟು ಹೆದರಿಕೆಯಾಗುವುದಿಲ್ಲ.

ಫೆಬ್ರವರಿಯಿಂದ ಮೇ ತನಕ ಗೇರುಬೀಜದ ಕಾಲ. ಸಿಪ್ಪೆಯ ಎಣ್ಣೆ ತಾಗಿ ಬೆರಳು, ತುಟಿ ಸುಟ್ಟವರು ಬರುತ್ತಾರೆ. ಮಕ್ಕಳೇ ಜಾಸ್ತಿ. ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಆಗ ಕಣ್ಣು, ಚರ್ಮ, ಮರದಿಂದ ಬಿದ್ದವರು. ಜೂನ್ ಬಂತೆಂದರೆ ಜ್ವರ. ಡೆಂಗಿ ಒಂದು ಕಡೆ, ಇಲಿ ಜ್ವರ ಇನ್ನೊಂದು ಕಡೆ. ತೋಟದ ಕಣಿಯಲ್ಲಿ, ಗದ್ದೆಯಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ ವಾರಕ್ಕೊಂದು ಸಲ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ಕೊಡುವ ಕೆಲಸವನ್ನು ಹೆಲ್ತ್ ಇನ್‌ಸ್ಪೆಕ್ಟರ್ ಜೊತೆ ಕೂತು ಮೇ ತಿಂಗಳಲ್ಲೇ ಯೋಜಿಸಿ.

ತುಳುವರ ಆಟಿ ತಿಂಗಳ (ಜುಲೈ, ಆಗಸ್ಟ್) ಅಮಾವಾಸ್ಯೆಯ ಬೆಳಿಗ್ಗೆ ಬೇಗ ಹೋಗಿ ಆಸ್ಪತ್ರೆಯಲ್ಲಿರಿ. ಅವತ್ತು ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿಯುವ ಕ್ರಮ ಉಂಟು. ಕತ್ತಲೆಯಲ್ಲಿ ಹೋಗಿ ಕೆತ್ತೆ ತರುತ್ತಾರೆ. ಯಾರೋ ಒಬ್ಬರು ಹಾಲೆ ಅಂದುಕೊಂಡು ಕಾಸರ್ಕನ ಮರದ ಕೆತ್ತೆಯನ್ನು ಕಲ್ಲಿನಿಂದ ಜಜ್ಜಿ ತಂದರೆ ಮುಗಿಯಿತು. ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ. ಮೈ ಸೆಟೆದುಕೊಂಡು ಬರುತ್ತಾರೆ, ಬುದ್ಧಿ ಮಾತ್ರ ಸರಿ ಇರುತ್ತದೆ. ಟೆಟನಸ್ ಅಂತ ಯೋಚಿಸುವ ಮೊದಲು ತಾರೀಕು ನೋಡಿ. (ಕಾಸರಗೋಡಿನ ಹೆಸರೇ ಆ ಮರದಿಂದ ಬಂದದ್ದು ಅನ್ನುವವರೂ ಇದ್ದಾರೆ.)

ಮಳೆಗಾಲ ಮುಗಿದರೆ ಕೋಲ, ತೆಯ್ಯಂ, ಯಕ್ಷಗಾನ. ರಾತ್ರಿ ಪೂರ್ತಿ ನಿದ್ದೆ ಬಿಟ್ಟು ಸಕ್ಕರೆ ಕಾಯಿಲೆಯವರು ಮಾತ್ರೆ ತಪ್ಪಿಸುತ್ತಾರೆ. ಬೈಯಬೇಡಿ. ಆಟಕ್ಕೆ ಹೋಗುವ ದಿನ ಮಾತ್ರೆ ಯಾವಾಗ, ಊಟ ಯಾವಾಗ ಅಂತ ಬರೆದುಕೊಡಿ.

ಸರ್ಪಸುತ್ತಿಗೆ ಕೆಮ್ಮಣ್ಣು ಬಳಿದುಕೊಂಡು ಬರುವವರಿಗೆ ಕಾಲಮಾನ ಇಲ್ಲ, ವರ್ಷ ಪೂರ್ತಿ ಬರುತ್ತಾರೆ. ನಾನು ಮೊದಮೊದಲು ಉಪನ್ಯಾಸ ಕೊಡುತ್ತಿದ್ದೆ. ಮುಂದಿನ ಸಲ ಅವರು ಬರುತ್ತಲೇ ಇರಲಿಲ್ಲ. ಈಗ ಮಣ್ಣಿನ ಸುದ್ದಿಗೆ ಹೋಗುವುದಿಲ್ಲ. ಗುಳ್ಳೆ ಎದ್ದು 72 ಗಂಟೆಯೊಳಗೆ ಬಂದರೆ ಎಸೈಕ್ಲೋವಿರ್ ಚೆನ್ನಾಗಿ ಕೆಲಸ ಮಾಡುತ್ತದೆ, ಮೊದಲು ಇಲ್ಲಿ ಬನ್ನಿ, ಆಮೇಲೆ ಎಲ್ಲಿಗೆ ಬೇಕಾದರೂ ಹೋಗಿ ಅನ್ನುತ್ತೇನೆ.

ಹಂತ 5: ಪುಸ್ತಕ

ಈಗ ಆ ನೋಟ್‌ಬುಕ್ ವಿಷಯ.

ಮೂರನೇ ತಿಂಗಳು, ಜುಲೈ. 54 ವರ್ಷದ ಒಬ್ಬರು ಬಂದರು, ಅಡಿಕೆ ಕೊಯ್ಲು ಮಾಡುವವರು. ಮೂರು ದಿನದ ಜ್ವರ. ಕಣ್ಣು ಕೆಂಡದ ಹಾಗೆ. ಮೀನಖಂಡ ಮುಟ್ಟಿದರೆ ಕಾಲು ಎಳೆದುಕೊಂಡರು. ಮೂತ್ರ ಹೋಗಿದ್ದು ಯಾವಾಗ ಅಂದರೆ ನಿನ್ನೆ ಮಧ್ಯಾಹ್ನ ಅಂದರು. ಇಲಿ ಜ್ವರ, ಕಿಡ್ನಿಗೆ ಇಳಿದಿದೆ ಅಂತ ಅನಿಸಿತು. ಪೆನಿಸಿಲಿನ್ ಮೊದಲ ಡೋಸ್ ಕೊಟ್ಟು, ಕಾಗದ ಬರೆದು, ಮಂಗಳೂರಿಗೆ ಕಳಿಸಿದೆ. ಆಂಬುಲೆನ್ಸ್ ಗೇಟು ದಾಟಿತು. ಮುಂದಿನ ಚೀಟಿ.

ಆ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಕೆಲಸ ಕಷ್ಟ ಅಂತ ನಿದ್ದೆ ಕೆಟ್ಟದ್ದಲ್ಲ. ಆ ಮನುಷ್ಯ ಏನಾದರು ಅಂತ ಗೊತ್ತಿಲ್ಲದೆ. ಯೋಚಿಸಿ ನೋಡಿದರೆ ಯಾರದ್ದೂ ಗೊತ್ತಿರಲಿಲ್ಲ. ಕಾಲೇಜಿನ ವಾರ್ಡಿನಲ್ಲಿ ರೋಗಿ ಮಲಗಿರುತ್ತಾರೆ, ಬೆಳಿಗ್ಗೆ ರೌಂಡ್ಸ್‌ನಲ್ಲಿ ಮತ್ತೆ ಸಿಗುತ್ತಾರೆ. ಇಲ್ಲಿ ಎಲ್ಲರ ಕಥೆಯ ಮೊದಲ ಪುಟ ಮಾತ್ರ ನಮ್ಮ ಕೈಗೆ. ದಿನಕ್ಕೆ 140 ಮೊದಲ ಪುಟ. ಯಾರಿಗೆ ಖುಷಿಯಾಗುತ್ತದೆ ಹೇಳಿ?

ಒಂಬತ್ತನೇ ದಿನ ಚೀಟಿಯ ನಂಬರ್ ಹುಡುಕಿ ಫೋನ್ ಮಾಡಿದೆ. ಮಗ ಎತ್ತಿದ. ಯಾರು ಅಂತ ಹೇಳಿದ ಮೇಲೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಎರಡು ಸಲ ಡಯಾಲಿಸಿಸ್ ಆಯಿತು ಸಾರ್. ಇವತ್ತು ಬೆಳಿಗ್ಗೆ ಗಂಜಿ ಕುಡಿದರು. ಉಪ್ಪಿನಕಾಯಿ ಕೇಳಿ ಅಮ್ಮನ ಹತ್ತಿರ ಬೈಸಿಕೊಂಡರು." ಫೋನ್ ಇಟ್ಟ ಮೇಲೆ ಕ್ಯಾಂಟೀನಿಗೆ ಹೋಗಿ ಎರಡು ಪ್ಲೇಟು ಗೋಳಿಬಜೆ ತಿಂದೆ. ಅವತ್ತು ಸಂಜೆಯೇ ಪುಸ್ತಕ ತಂದದ್ದು.

ಇಡುವುದು ಹೀಗೆ:

- ದಿನಕ್ಕೆ ಐದಕ್ಕಿಂತ ಜಾಸ್ತಿ ಬರೆಯಬೇಡಿ. ಯಾರ ಬಗ್ಗೆ ಮನಸ್ಸಿನಲ್ಲಿ ಹುಳ ಕೊರೆಯುತ್ತದೋ ಅವರನ್ನು ಮಾತ್ರ.
- ಹೆಸರು ಬೇಡ. ಒಪಿ ನಂಬರ್, ವಯಸ್ಸು, ಕಸುಬು, ವಾರ್ಡು ಸಾಕು. ಪುಸ್ತಕ ಆಸ್ಪತ್ರೆಯ ಬೀಗ ಹಾಕಿದ ಡ್ರಾಯರಿನಲ್ಲಿರಲಿ. ಮೊಬೈಲಿನಲ್ಲಿ ಬೇಡ, ವಾಟ್ಸಾಪಿನಲ್ಲಂತೂ ಬೇಡವೇ ಬೇಡ.
- ನಿಮಗೆ ಏನು ಅನಿಸಿತು ಅಂತ ಒಂದು ಸಾಲು. ಮುಂದೇನಾಯಿತು ಎಂಬ ಕಾಲಂ ಖಾಲಿ.
- ವಾರದಲ್ಲಿ ಒಂದು ಗಂಟೆ ಇದಕ್ಕೇ. ನನ್ನದು ಶನಿವಾರ ಸಂಜೆ. ಫೋನ್ ಸಿಗದಿದ್ದರೆ ಆ ವಾರ್ಡಿನ ಆಶಾಗೆ ಕೇಳಿ.

ಒಳ್ಳೆಯ ಸುದ್ದಿಯೇ ಬರುತ್ತದೆ ಅಂತ ಭರವಸೆ ಕೊಡಲಾರೆ. ಒಬ್ಬರು "ಗ್ಯಾಸ್" ಅಂದರು, ನಾನೂ ಗ್ಯಾಸ್ ಅಂದೆ, ಪ್ಯಾಂಟೊಪ್ರಜೋಲ್ ಕೊಟ್ಟೆ. ಪುಸ್ತಕದಲ್ಲಿ ಬರೆದದ್ದು ಯಾಕೋ ಸಮಾಧಾನ ಆಗಲಿಲ್ಲ ಅಂತ. ಶನಿವಾರ ಫೋನ್ ಮಾಡಿದರೆ ಮಗಳು, "ರಾತ್ರಿಯೇ ಮಂಗಳೂರಿಗೆ ಕರೆದುಕೊಂಡು ಹೋದೆವು. ಹಾರ್ಟ್ ಅಟ್ಯಾಕ್. ಸ್ಟೆಂಟ್ ಹಾಕಿದ್ದಾರೆ. ನೀವು ಮದ್ದು ಕೊಟ್ಟು ಕಳಿಸಿದ್ದಿರಿ ಅಲ್ವಾ?" ಕ್ಷಮೆ ಕೇಳಿದೆ. ಅಂದಿನಿಂದ 40 ದಾಟಿದವರು ಗ್ಯಾಸ್ ಅಂದರೆ ಮೊದಲು ಇಸಿಜಿ, ಆಮೇಲೆ ಮಾತು. ಈ ಫೋನ್ ಮಾಡದಿದ್ದರೆ ನಾನು ಇವತ್ತಿಗೂ ಪ್ಯಾಂಟೊಪ್ರಜೋಲ್ ಬರೆಯುತ್ತಿದ್ದೆ, ನಾನೊಳ್ಳೆ ಡಾಕ್ಟರ್ ಅಂದುಕೊಂಡೂ ಇರುತ್ತಿದ್ದೆ.

ಮುಂದೇನಾಯಿತು ಅಂತ ಕೇಳುವ ಚಟ ದೊಡ್ಡ ಕೆಲಸ ಮಾಡಿದ ಉದಾಹರಣೆ ನಮ್ಮ ಎಣ್ಮಕಜೆ ಪಂಚಾಯತಿನಲ್ಲೇ ಉಂಟು. ಪಡ್ರೆಯ ವಾಣಿನಗರದಲ್ಲಿ ಕ್ಲಿನಿಕ್ ಇಟ್ಟಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮ ಹತ್ತಿರ ಬರುತ್ತಿದ್ದ ಮನೆಗಳಲ್ಲೇ ಒಂದೇ ಬಗೆಯ ಕಾಯಿಲೆಗಳು, ಹುಟ್ಟಿನಿಂದಲೇ ತೊಂದರೆ ಇರುವ ಮಕ್ಕಳು ಜಾಸ್ತಿ ಇರುವುದನ್ನು ಗಮನಿಸಿದರು, ಬರೆದರು, ಹೊರಗಿನವರಿಗೆ ಹೇಳಿದರು. ಮೇಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲ ಅದು. ಆ ಸಿಂಪಡಣೆ 2000ದಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ನಿಲ್ಲಿಸಿತು. ನಾವೆಲ್ಲ ಅಷ್ಟು ದೊಡ್ಡದು ಕಾಣಬೇಕೆಂದಿಲ್ಲ. ಆದರೆ ಒಂದೇ ಬಾವಿಯ ನೀರು ಕುಡಿಯುವ ಮೂರು ಮನೆಯವರಿಗೆ ಕಾಮಾಲೆ ಬಂದದ್ದು ನನ್ನ ಪುಸ್ತಕದಲ್ಲೂ ಸಿಕ್ಕಿತು. ಬಾವಿಗೆ ಕ್ಲೋರಿನ್ ಬಿತ್ತು, ನಾಲ್ಕನೇ ಮನೆ ಉಳಿಯಿತು.

ಹಂತ 6: ಗಡಿ ದಾಟುವ ಕಾಗದ

ಇಲ್ಲಿ ರೆಫರ್ ಅಂದರೆ ಹೆಚ್ಚಾಗಿ ಮಂಗಳೂರು. ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರ್, ಮಂಜೇಶ್ವರದವರಿಗೆ ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗಳು ಇನ್ನೂ ಹತ್ತಿರ. 2020ರ ಮಾರ್ಚಿನಲ್ಲಿ ಕೋವಿಡ್ ಅಂತ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ, ಒಳರಸ್ತೆಗಳಿಗೆ ಮಣ್ಣು ಸುರಿದಾಗ, ನಾವು ಎಷ್ಟು ಮಂಗಳೂರನ್ನೇ ನಂಬಿದ್ದೇವೆ ಅಂತ ಎಲ್ಲರಿಗೂ ಅರ್ಥವಾಯಿತು. ಆಂಬುಲೆನ್ಸಿನಲ್ಲೇ ಜೀವ ಹೋಯಿತು. 2013ರ ನವೆಂಬರಿನಲ್ಲಿ ಕಲ್ಲು ಹಾಕಿದ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಹಂತ ಹಂತವಾಗಿ ಏಳುತ್ತಿದೆ, ಅದರ ಮೇಲೆ ಈಗ ಆಸೆ.

ನೀವು ಮಾಡಬೇಕಾದದ್ದು ಇಷ್ಟು. ಕಳಿಸುವ ಮೊದಲು ಆ ಕಡೆಯ ಡ್ಯೂಟಿ ಡಾಕ್ಟರಿಗೆ ಫೋನ್. ಕಾಗದ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿರಲಿ, ಕೊಟ್ಟ ಮದ್ದು, ಕೊಟ್ಟ ಹೊತ್ತು ಸಮೇತ. ಕೊನೆಯ ಸಾಲಿನಲ್ಲಿ ನಿಮ್ಮ ಆಸ್ಪತ್ರೆಯ ನಂಬರ್, 'ದಯವಿಟ್ಟು ಡಿಸ್ಚಾರ್ಜ್ ಕಾಗದದ ಪ್ರತಿ ಕೊಟ್ಟು ಕಳಿಸಿ' ಅಂತ ಬರೆಯಿರಿ. ಹತ್ತರಲ್ಲಿ ನಾಲ್ಕು ಬಂದರೂ ಪುಸ್ತಕದ ಕಾಲಂ ತಾನಾಗಿ ತುಂಬುತ್ತದೆ. ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಉಂಟು. ಹೋಗುವ ಆಸ್ಪತ್ರೆಯಲ್ಲಿ ಆ ಕಾರ್ಡು ನಡೆಯುತ್ತದೋ ಇಲ್ಲವೋ ಅಂತ ಹೊರಡುವ ಮೊದಲೇ ಕೇಳಿಸಿ. ಅರ್ಧ ದಾರಿಯಲ್ಲಿ ಚಿನ್ನ ಅಡವಿಡಲು ಅಂಗಡಿ ಹುಡುಕುವ ಮಗನನ್ನು ಒಂದು ಸಲ ನೋಡಿದರೆ ಈ ಫೋನ್ ಮರೆಯುವುದಿಲ್ಲ.

ಹಂತ 7: ತಿಂಗಳಿಗೊಮ್ಮೆ ಜೀಪು ಹತ್ತಿ

ಹಾಸಿಗೆ ಹಿಡಿದವರ, ವಾಸಿಯಾಗದ ಕಾಯಿಲೆಯವರ ಆರೈಕೆಗೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಮನೆಗೆ ಹೋಗುತ್ತಾರೆ. ಕೇರಳ 2008ರಲ್ಲೇ ಇದಕ್ಕೆ ನೀತಿ ಮಾಡಿತು, ದೇಶದಲ್ಲೇ ಮೊದಲು. ಆ ಜೀಪಿನಲ್ಲಿ ನಿಮಗೂ ಜಾಗ ಇರುತ್ತದೆ.

ಪಾರ್ಶ್ವವಾಯು ಆದ ಅಜ್ಜರೊಬ್ಬರು ಬಿಪಿ ತೋರಿಸಲು ಬರುವುದೇ ಇಲ್ಲ ಅಂತ ನನಗೆ ಸಿಟ್ಟಿತ್ತು. ಅಸಡ್ಡೆ ಅಂದುಕೊಂಡಿದ್ದೆ. ಜೀಪು ಗುಡ್ಡದ ಮೇಲೆ ನಿಂತಿತು. ಅಲ್ಲಿಂದ ಇಳಿಯಬೇಕು, ಜಾರುವ ಮುರಕಲ್ಲಿನ ಮೆಟ್ಟಿಲು. ಕೆಳಗೆ ತೋಡು. ತೋಡಿಗೆ ಎರಡು ಅಡಿಕೆ ಮರದ ಸಂಕ, ಹಿಡಿದುಕೊಳ್ಳಲು ಒಂದು ಬಳ್ಳಿ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದೆ. ನರ್ಸ್ ಚೀಲ ಹೊತ್ತುಕೊಂಡು ನನಗಿಂತ ಮೊದಲು ದಾಟಿ ಆಗಿತ್ತು. ಜಗಲಿಯಲ್ಲಿ ಅಜ್ಜ ಕೂತಿದ್ದರು. ಖಾಲಿ ಮಾತ್ರೆ ಪಟ್ಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತಿಂಗಳ ಪ್ರಕಾರ ಜೋಡಿಸಿಟ್ಟಿದ್ದರು. ಒಂದು ಮಾತ್ರೆ ತಪ್ಪಿಸಿರಲಿಲ್ಲ.

ಅಲ್ಲಿಂದ ಬಂದ ಮೇಲೆ 'ಯಾಕೆ ಬರಲಿಲ್ಲ' ಅಂತ ಗದರುವುದನ್ನು ಬಿಟ್ಟೆ. 'ಹೇಗೆ ಬಂದಿರಿ' ಅಂತ ಕೇಳುತ್ತೇನೆ.

ಹಂತ 8: ಬೈಗುಳ, ರಾತ್ರಿ, ಬಾಗಿಲು ಹಾಕುವ ಹೊತ್ತು

ಕೊಟ್ಟಾರಕ್ಕರದ ತಾಲೂಕು ಆಸ್ಪತ್ರೆಯಲ್ಲಿ 2023ರ ಮೇ 10ರಂದು ಯುವ ವೈದ್ಯೆ ವಂದನಾ ದಾಸ್ ಕೊಲೆಯಾದ ಮೇಲೆ ಕೇರಳ ತನ್ನ 2012ರ ಆಸ್ಪತ್ರೆ ರಕ್ಷಣೆ ಕಾಯ್ದೆಯನ್ನು ಬಿಗಿ ಮಾಡಿತು. ಗಂಭೀರ ಗಾಯ ಮಾಡಿದರೆ ಈಗ 7 ವರ್ಷದ ತನಕ ಜೈಲು. ಕಾಯ್ದೆ ರಾತ್ರಿ ಎರಡು ಗಂಟೆಗೆ ಎದ್ದು ಬರುವುದಿಲ್ಲ ಎನ್ನುವುದೂ ಸತ್ಯ. ಕ್ಯಾಷುವಾಲಿಟಿ ಡ್ಯೂಟಿ ಇದ್ದರೆ ಮೇಜನ್ನು ಬಾಗಿಲಿಗೆ ನೀವು ಹತ್ತಿರ ಇರುವ ಹಾಗೆ ತಿರುಗಿಸಿ. ಪೊಲೀಸ್ ಸ್ಟೇಷನ್ ನಂಬರ್ ಗೋಡೆಯ ಮೇಲಿರಲಿ. ಕುಡಿದು ಬಂದವರ ಜೊತೆ ಒಬ್ಬರೇ ಕೋಣೆಯಲ್ಲಿ ಇರಬೇಡಿ. ಗುಂಪು ಬಂದರೆ ಅವರಲ್ಲಿ ಹಿರಿಯರೊಬ್ಬರನ್ನು ಹುಡುಕಿ, ಕೂರಿಸಿ, ಅವರ ಹತ್ತಿರ ಮಾತ್ರ ಮಾತಾಡಿ. ಹತ್ತು ಜನರಿಗೆ ಉತ್ತರ ಕೊಡಲು ಹೋದರೆ ಮಾತು ಬೆಳೆಯುತ್ತದೆ.

ನಿಮ್ಮ ಸ್ವಂತ ನಂಬರ್ ಊರಿಗೆಲ್ಲ ಕೊಡಬೇಡಿ. ನಾನು ಕೊಟ್ಟೆ. ಮದುವೆ ಮನೆಯಲ್ಲಿ ಹೋಳಿಗೆ ಬಾಯಿಗಿಡುವಾಗ ಬೇಧಿಯ ಬಣ್ಣದ ವರ್ಣನೆ ಕೇಳಿದ್ದೇನೆ. ಎರಡನೇ ಸಿಮ್ ಇಟ್ಟುಕೊಳ್ಳಿ, ರಾತ್ರಿ ಎಂಟಕ್ಕೆ ಆಫ್. ತುರ್ತಿಗೆ 108 ಇದೆ.

ಕೆಲಸ ಮುಗಿದ ಮೇಲೆ ಆಸ್ಪತ್ರೆಗೆ ಸಂಬಂಧವೇ ಇಲ್ಲದ ಒಂದು ಕಡೆ ಹೋಗಿ. ಕೆಲವರು ಬೇಕಲ ಕೋಟೆಗೆ ಹೋಗುತ್ತಾರೆ, ಕೆಲವರು ಶಟಲ್ ಆಡುತ್ತಾರೆ. ನಾನು ವಾರಕ್ಕೆ ಎರಡು ದಿನ ಚೆಂಡೆ ಕಲಿಯಲು ಹೋಗುತ್ತಿದ್ದೆ. ಇನ್ನೂ ಬಂದಿಲ್ಲ. ಅಲ್ಲಿ ನನ್ನನ್ನು ಯಾರೂ ಡಾಕ್ಟ್ರೇ ಅನ್ನುವುದಿಲ್ಲ, ತಾಳ ತಪ್ಪಿದರೆ ಹತ್ತನೇ ಕ್ಲಾಸಿನ ಹುಡುಗ ಬೈಯುತ್ತಾನೆ.

ಇಷ್ಟೆಲ್ಲ ಮಾಡಿಯೂ ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬೆಳಿಗ್ಗೆ ಏಳಲು ಮನಸ್ಸೇ ಇಲ್ಲ ಅಂತಾದರೆ ಅದು ಹೊಸ ಕೆಲಸದ ಬೇಸರ ಅಲ್ಲ. ಇದೇ ಮಾತು ರೋಗಿ ಹೇಳಿದರೆ ನೀವು ಏನು ಬರೆಯುತ್ತಿದ್ದಿರಿ? ಟೆಲಿ ಮಾನಸ್ 14416, ಕೇರಳದ ದಿಶಾ 1056. ಎರಡೂ ಹಗಲು ರಾತ್ರಿ ಇರುವ ಸಹಾಯವಾಣಿಗಳು. ಡಾಕ್ಟರ್ ಅಂತ ಹೇಳಿಕೊಳ್ಳಬೇಕೆಂದಿಲ್ಲ. ನೇರ ಸೈಕಿಯಾಟ್ರಿಸ್ಟ್ ಹತ್ತಿರ ಹೋದರೆ ಇನ್ನೂ ಒಳ್ಳೆಯದು. ಪರಿಚಯದವರು ಬೇಡ ಅನಿಸಿದರೆ ಮಂಗಳೂರಿಗೋ ಕಣ್ಣೂರಿಗೋ ಹೋಗಿ.

ಹಂತ 9: ಬಿಟ್ಟು ಹೋಗುವಾಗ

ವರ್ಗಾವಣೆ ಬರುತ್ತದೆ, ಪಿಜಿ ಸೀಟು ಸಿಗುತ್ತದೆ. ನಿಮ್ಮ ಜಾಗಕ್ಕೆ ಬರುವವರು ಅದೇ 140 ಮೊದಲ ಪುಟಗಳಿಂದ ಶುರು ಮಾಡುವುದು ಬೇಡ. ಕೊನೆಯ ವಾರ ಪುಸ್ತಕ ತೆಗೆದು, ಇನ್ನೂ ನಡೆಯುತ್ತಿರುವ ಇಪ್ಪತ್ತೈದು ಮೂವತ್ತು ಕೇಸುಗಳನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಕವರಿನಲ್ಲಿ ಹಾಕಿ, ಹೊಸಬರ ಕೈಗೇ ಕೊಡಿ. ಕಾಯಿಲೆಯ ಹೆಸರು ಕೇಸ್‌ಶೀಟಿನಲ್ಲಿ ಇದ್ದೇ ಇದೆ. ಅದರಲ್ಲಿ ಇಲ್ಲದ್ದನ್ನು ಬರೆಯಿರಿ.

ನಾನು ಕೊಟ್ಟ ಹಾಳೆ ಶುರುವಾಗುವುದು ಹೀಗೆ: "3ನೇ ವಾರ್ಡಿನ 71 ವರ್ಷದ ಅಮ್ಮನಿಗೆ ಎಡಗಿವಿ ಕೇಳಿಸುವುದಿಲ್ಲ, ಬಲಗಡೆ ಕೂರಿಸಿ. ಹೂಂ ಅಂದರೆ ಅರ್ಥವಾಯಿತು ಅಂತಲ್ಲ. 7ನೇ ವಾರ್ಡಿನ ಬೀಡಿ ಕಟ್ಟುವವರ ಹಿಮೋಗ್ಲೋಬಿನ್ ಈಗ 10.4, ಮುಂದಿನದು ನವೆಂಬರಿನಲ್ಲಿ, ಆಶಾ ಜೊತೆಗೇ ಬರಲು ಹೇಳಿ. ತೋಡಿನ ಆಚೆಯ ಅಜ್ಜನಿಗೆ ಮಳೆಗಾಲದ ನಾಲ್ಕು ತಿಂಗಳ ಮಾತ್ರೆ ಮೇ ತಿಂಗಳಲ್ಲೇ ಒಟ್ಟಿಗೆ ಕೊಟ್ಟುಬಿಡಿ, ಸಂಕ ಜಾರುತ್ತದೆ."